ಕ್ಷಮೆಯ ಪ್ರಾಸ: ಕವಿ ರತ್ನಾಕರವರ್ಣಿಯ ಜೀವನಚರಿತ್ರೆ

ಭಾದ್ರಪದ ಶುಕ್ಲ ಪಂಚಮಿಯಂದು ದಶಲಕ್ಷಣ ಪರ್ವವು ಮೊದಲಾಗುವಾಗ ಉತ್ತಮ ಕ್ಷಮೆಯೇ ಪ್ರಥಮ ದಿನದ ಧರ್ಮ. ಉಪವಾಸ ಏಕಭುಕ್ತಗಳೆಲ್ಲ ಮುಗಿದ ಮೇಲೆಯೂ ನಾವು ಬಂದು ನಿಲ್ಲುವುದು ಕ್ಷಮಾವಾಣಿಗೇ. ವರ್ಷಕ್ಕೊಮ್ಮೆ ಈ ಮಾತನ್ನು ಸಲೀಸಾಗಿ ನುಡಿದು ಮನೆಗೆ ಹೋಗುವ ನಮಗೆ, ಅದನ್ನು ಪದ್ಯದಲ್ಲಿ ಕೂರಿಸಬೇಕಾದ ಕವಿಯ ಕಷ್ಟ ತಿಳಿದಿರುವುದು ಅಪರೂಪ. ಆ ಕಷ್ಟವನ್ನು ಕಾವ್ಯದಲ್ಲಿಯೂ, ಪರಂಪರೆಯ ಮಾತನ್ನು ನಂಬುವುದಾದರೆ ಬಾಳಿನಲ್ಲಿಯೂ ಉಂಡವನು ಮೂಡುಬಿದಿರೆಯ ರತ್ನಾಕರವರ್ಣಿ.

ಈತನು 16ನೆಯ ಶತಮಾನದವನು. ತನ್ನ ತ್ರಿಲೋಕಶತಕದಲ್ಲಿ ಕೊಟ್ಟಿರುವ ಶಕವರ್ಷ 1479, ಅಂದರೆ ಕ್ರಿ.ಶ. 1557. ಕ್ಷತ್ರಿಯ ಕುಲದವನೆಂದೂ ದೇವರಾಜನ ಮಗನೆಂದೂ ಹೇಳುತ್ತಾರೆ. ಚಾರುಕೀರ್ತಿಗಳನ್ನು ದೀಕ್ಷಾಗುರುವೆಂದು ಸ್ಮರಿಸಿದ್ದಾನೆ. ಈತನ ಕಾಲಕ್ಕೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದು ನೂರು ವರ್ಷ ಮೀರಿತ್ತು. ಸಮೀಪದ ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಂತ ಬಾಹುಬಲಿಯ ಬಿಂಬವು ಬಿಸಿಲು ಮಳೆಗೆ ಮೈಯೊಡ್ಡಿಕೊಂಡಿತ್ತು. ಅಣ್ಣತಮ್ಮಂದಿರ ಮುನಿಸಿನ ಕಥೆಯನ್ನು ಈ ಕವಿ ಎಳವೆಯಿಂದಲೇ ಕಲ್ಲಿನಲ್ಲಿ ಕಂಡಿರಬೇಕು.

ಕನ್ನಡದ ಪ್ರಾಸವು ಸಾಲಿನ ತುದಿಯಲ್ಲಿಲ್ಲ, ಮೊದಲಿನಲ್ಲಿದೆ. ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಅದರ ಹಿಂದಿನ ಅಕ್ಷರ ಹ್ರಸ್ವವಾದರೆ ಎಲ್ಲ ಕಡೆಯೂ ಹ್ರಸ್ವ, ದೀರ್ಘವಾದರೆ ಎಲ್ಲ ಕಡೆಯೂ ದೀರ್ಘ. ಮೊದಲನೆಯದಕ್ಕೆ ಸಿಂಹಪ್ರಾಸವೆಂದೂ ಎರಡನೆಯದಕ್ಕೆ ಗಜಪ್ರಾಸವೆಂದೂ ಹೆಸರು. ಹೀಗಾಗಿ ಕ್ಷಮೆಯನ್ನು ಮೊದಲಲ್ಲಿಟ್ಟು ಹೊರಟ ಕವಿಗೆ ದೊರೆಯುವ ಜೊತೆಗಾರರು ಶಮ, ದಮ, ಸಮತೆ, ಯಮಿ, ಅಮೃತ. ಅವರ ಬೆನ್ನಿಗೇ ತಮ, ಭ್ರಮೆ, ಮಮಕಾರ, ಕುಮತಿ. ಕಾಮವು ಒಳಗೆ ಬರಲಾರದು; ಅದರ ಮೊದಲಕ್ಷರ ದೀರ್ಘ. ಕೋಪವನ್ನು ಮೊದಲಿಗಿಟ್ಟರೋ, ಪಾಪ, ತಾಪ, ಶಾಪಗಳು ಕರೆಯದೆಯೇ ಬಂದು ಕುಳಿತುಬಿಡುತ್ತವೆ. ಅದೃಷ್ಟವಿದ್ದರೆ ದೀಪವೂ ಸಿಕ್ಕೀತು. ಕ್ಷಾಂತಿ ಎಂದರೆ ಬಿಂದುವಿನ ವೃಷಭಪ್ರಾಸ. ಶಾಂತಿಯೂ ಅಲ್ಲಿದೆ, ಭ್ರಾಂತಿಯೂ ಅಲ್ಲಿದೆ. ತಾಳ್ಮೆಗೆ ಜೊತೆ ಸಿಗುವುದು ತೀರ ವಿರಳ. ಆದರೆ ಮನ್ನಿಸು ಎಂಬ ಮಾತನ್ನು ನೋಡಿರಿ: ಅದರೊಡನೆ ಹೊಂದುವುವು ನನ್ನ, ನಿನ್ನ, ತನ್ನ, ಮುನ್ನ, ಇನ್ನು. ಮನ್ನಿಸುವ ವ್ಯವಹಾರವೆಲ್ಲ ಈ ಐದು ಮಾತುಗಳ ನಡುವೆಯೇ ಇದೆಯಲ್ಲವೇ! ಪ್ರಾಸವೆಂಬುದು ಬರಿಯ ಶಬ್ದದ ಆಟವೆಂದು ಹೇಳುವವರ ಮಾತು ನನಗೆ ಪೂರ್ಣವಾಗಿ ಒಪ್ಪಿಗೆಯಾಗುವುದಿಲ್ಲ.

ರತ್ನಾಕರಾಧೀಶ್ವರ ಶತಕದ ವೃತ್ತಗಳಲ್ಲಿ ಈತನಿಗೆ ಈ ನಿಯಮದ ಬಿಗಿಹಿಡಿತ ಪೂರ್ಣವಾಗಿತ್ತು. ಭರತೇಶವೈಭವಕ್ಕೆ ಆರಿಸಿಕೊಂಡದ್ದು ಹಾಡಲು ಒದಗುವ ಸಾಂಗತ್ಯ. ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯವೆಂಬ ಐದು ಭಾಗಗಳ, 80 ಸಂಧಿಗಳ, ಹತ್ತಿರಹತ್ತಿರ 10,000 ಪದ್ಯಗಳ ಮಹಾಕೃತಿಯದು. ಆದಿಪುರಾಣವನ್ನು ಓದಿದ ಶ್ರಾವಕರಿಗೆ ಇದರಲ್ಲಿ ಒಂದು ಕಡೆ ಅಚ್ಚರಿ ಕಾದಿರುತ್ತದೆ. ಜಿನಸೇನಾಚಾರ್ಯರೂ, 941ರಲ್ಲಿ ಪಂಪನೂ, ಭರತ ಬಾಹುಬಲಿಯರ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ವರ್ಣಿಸಿದ್ದಾರೆ. ಸೋತ ಭರತನು ಕ್ರೋಧಾಂಧನಾಗಿ ತಮ್ಮನ ಮೇಲೆ ಚಕ್ರವನ್ನು ಬಿಟ್ಟುದನ್ನೂ ಮರೆಮಾಚಿಲ್ಲ. ರತ್ನಾಕರನ ಭರತನಾದರೋ ಕಾದುವುದೇ ಇಲ್ಲ. ಮೃದುನುಡಿಗಳಿಂದಲೇ ತಮ್ಮನ ಮನಸ್ಸನ್ನು ಕರಗಿಸುತ್ತಾನೆ. ತಮ್ಮನು ನಾಚಿ, ಪಶ್ಚಾತ್ತಾಪಗೊಂಡು, ತಪಸ್ಸಿಗೆ ತೆರಳುತ್ತಾನೆ. ಪುರಾಣದ ದಾರಿಯನ್ನು ಬಿಟ್ಟ ಕವಿಯ ಈ ಸ್ವಾತಂತ್ರ್ಯವನ್ನು ಎಲ್ಲರೂ ಮೆಚ್ಚಬೇಕೆಂದಿಲ್ಲ. ಮುನಿಸು ಮೂಡಿ, ಬೆಳೆದು, ಚಕ್ರವಾಗಿ ಕೈಬಿಟ್ಟು ಹೋದ ಮೇಲೆ ಬರುವ ಪಂಪನ ವೈರಾಗ್ಯವೇ ಹೆಚ್ಚು ಸತ್ಯವೆಂದು ನನಗೆ ಒಮ್ಮೊಮ್ಮೆ ತೋರಿದೆ.

ಇಂತಹ ಕಾವ್ಯವನ್ನು ಬರೆದವನ ಬಾಳನ್ನು 1838ರ ರಾಜಾವಳೀಕಥೆಯಲ್ಲಿ ದೇವಚಂದ್ರನು ಬೇರೆ ರೀತಿಯಾಗಿ ಹೇಳುತ್ತಾನೆ. ಕಾರ್ಕಳದ ಭೈರರಸನ ಆಸ್ಥಾನದಲ್ಲಿ ರತ್ನಾಕರನು ಶೃಂಗಾರಕವಿಯಾಗಿದ್ದನಂತೆ. ಅರಸನ ಮಗಳ ಪ್ರೇಮಪ್ರಸಂಗವು ಬಯಲಾಗಲು ಅಂದೇ ಗುರುಗಳಲ್ಲಿ ಅಣುವ್ರತವನ್ನು ಹಿಡಿದನಂತೆ. ಮುಂದೆ ಬೇರೊಬ್ಬ ಕವಿಯ ಗ್ರಂಥಕ್ಕೆ ಆನೆಯ ಮೇಲೆ ಮೆರವಣಿಗೆಯಾದಾಗ, ಭರತೇಶವೈಭವಕ್ಕೂ ಆ ಗೌರವ ಸಲ್ಲಲೆಂದು ಕೇಳಿಕೊಂಡನು. ಕೆಲವು ಪದ್ಯಗಳು ಶಾಸ್ತ್ರಕ್ಕೆ ವಿರೋಧವೆಂದು ಗುರುಗಳು ಒಪ್ಪಲಿಲ್ಲ. ವಾದ ಬೆಳೆಯಿತು. 700 ಮನೆಗಳ ಶ್ರಾವಕರು ಇವನಿಗೆ ಅನ್ನವಿಕ್ಕಬಾರದೆಂದು ಕಟ್ಟಾಯಿತು. ತಾನಾಗಿ ಕೈಗೊಂಡ ಅನಶನಕ್ಕೂ ಪರರು ಹೇರಿದ ಹಸಿವಿಗೂ ಇರುವ ಅಂತರವನ್ನು ವ್ರತಿಗಳಿಗೆ ವಿವರಿಸಬೇಕಾಗಿಲ್ಲ. ಸೋದರಿಯ ಮನೆಯ ಬಾಗಿಲೊಂದೇ ತೆರೆದಿತ್ತು. ಕೆಲಕಾಲ ಅಲ್ಲಿಯೇ ಉಂಡನು. ಕೊನೆಗೆ ಸಿಟ್ಟಿನಿಂದ ಮತವನ್ನೇ ಬಿಟ್ಟು ವೀರಶೈವನಾದನೆಂದೂ, ಅನಂತರ ಪುನಃ ಜಿನಧರ್ಮಕ್ಕೆ ಮರಳಿದನೆಂದೂ ಕಥೆಯಿದೆ.

ಕವಿಯ ಶಕ 1479ಕ್ಕೂ ದೇವಚಂದ್ರನ ಲೇಖನಿಗೂ ನಡುವೆ 281 ವರ್ಷಗಳಿವೆ. ಆದುದರಿಂದ ಎಲ್ಲವನ್ನೂ ಇತಿಹಾಸವೆಂದು ಅಂಗೀಕರಿಸಲಾಗದು. ಆದರೆ ಇಷ್ಟು ಕಾಲ ಜನರು ಈ ಕಥೆಯನ್ನು ಕೈಬಿಡದೆ ಹೇಳಿಕೊಂಡು ಬಂದುದೇಕೆ? ಯುದ್ಧವಿಲ್ಲದೆ ಅಣ್ಣತಮ್ಮಂದಿರನ್ನು ಒಂದುಗೂಡಿಸಿದ ಕವಿಗೂ ತನ್ನ ಗುರುವಿನೊಡನೆ ಆ ಮೃದುನುಡಿ ಒದಗಲಿಲ್ಲವೆಂಬುದು ಅವರಿಗೆ ಹೊಸತೆನಿಸಿರಲಾರದು. ಪ್ರತಿ ಮನೆಯಲ್ಲಿಯೂ ಅಂತಹ ಒಂದು ಮುಚ್ಚಿದ ಬಾಗಿಲು ಇದ್ದೀತು. ಇನ್ನು ಗುರುಗಳ ಪಕ್ಷ. ಶಾಸ್ತ್ರವನ್ನು ಕಾಯುವುದು ಅವರ ಹೊಣೆ, ಅದನ್ನು ತಪ್ಪೆನ್ನಲಾರೆ. ಅನ್ನಕ್ಕೆ ಕಟ್ಟು ಹಾಕಿದ್ದು ಮಾತ್ರ ನಿಜವಾಗಿದ್ದರೆ, ಅದು ಶಾಸ್ತ್ರದ ಕೆಲಸವಾಗಿರಲಿಲ್ಲ.

ಗ್ರಂಥವನ್ನು ಸಮಾಜವು ಬಿಡಲಿಲ್ಲ. ಭರತೇಶವೈಭವವು ತಾಳೆಗರಿಗಳಿಂದ ಅಚ್ಚಿಗೆ ಬಂದಿತು. ಸೊಲ್ಲಾಪುರದ ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಅದನ್ನು ಹಿಂದಿಗೆ ತಂದರು. ಶತಕಕ್ಕೆ ಆಚಾರ್ಯ ದೇಶಭೂಷಣ ಮಹಾರಾಜರಿಂದ ಹಿಂದಿಯಲ್ಲಿ ವಿವರಣೆ ದೊರೆಯಿತು. ಆ ಶತಕದ ಒಂದೊಂದು ಪದ್ಯವೂ ರತ್ನಾಕರಾಧೀಶ್ವರಾ ಎಂಬ ಸಂಬೋಧನೆಯಿಂದಲೇ ಮುಗಿಯುತ್ತದೆ. ಅದನ್ನು ಪಠಿಸುವ ಮನೆಗಳಲ್ಲಿ ಜಿನನನ್ನು ಕರೆಯುವಾಗ, ಒಮ್ಮೆ ಅನ್ನ ಸಿಕ್ಕದೆ ಹೊರಟುಹೋದನೆಂಬ ಆ ಕವಿಯ ಹೆಸರೂ ಜೊತೆಗೇ ಬಾಯಿಗೆ ಬರುತ್ತದೆ.