ನಾನಾ ಚೌಕದ ನಾನಾ

ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದ ಹೊಸತರಲ್ಲಿ ನಾನು ದಿನಾ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು, ನಾನಾ ಚೌಕ ದಾಟಿ ಕೆಲಸಕ್ಕೆ ಹೋಗುತ್ತಿದ್ದೆ. ಈ ನಾನಾ ಯಾರೆಂದು ಯಾರನ್ನೂ ಕೇಳಲಿಲ್ಲ. ನಾನಾಸಾಹೇಬ ಪೇಶ್ವೆ ಇರಬೇಕು ಎಂದುಕೊಂಡೇ ಹತ್ತು ವರ್ಷ ಕಳೆದೆ. ಕೊನೆಗೆ ಆಫೀಸಿನ ಮರಾಠಿ ಗೆಳತಿಯೊಬ್ಬಳು ನಕ್ಕು ತಿದ್ದಿದಳು. ಅವರು ಪೇಶ್ವೆಯಲ್ಲ, ವ್ಯಾಪಾರಿ, ಜಗನ್ನಾಥ ಶಂಕರಶೇಟ್. ಅಂದಿನಿಂದ ಸಿಕ್ಕಲ್ಲೆಲ್ಲ ಅವರ ಬಗ್ಗೆ ಓದುತ್ತಾ ಬಂದಿದ್ದೇನೆ. ಈ ಸಲದ ನಮ್ಮ ಮಹಿಳಾ ವಿಭಾಗದ ಸಂಚಿಕೆಗೆ ಏನು ಬರೆಯಲಿ ಎಂದು ಯೋಚಿಸಿದಾಗ ಅವರೇ ನೆನಪಾದರು.

ಹುಟ್ಟಿದ್ದು 1803ರ ಫೆಬ್ರವರಿ 10ರಂದು, ಠಾಣೆ ಜಿಲ್ಲೆಯ ಮುರ್ಬಾಡದಲ್ಲಿ. ದೈವಜ್ಞ ಬ್ರಾಹ್ಮಣ ಮನೆತನ, ಮುಂಬಯಿಯಲ್ಲಿ ದೊಡ್ಡ ವ್ಯಾಪಾರ. ಹರೆಯದಲ್ಲೇ ತಂದೆಯನ್ನು ಕಳೆದುಕೊಂಡು ವ್ಯವಹಾರಕ್ಕೆ ಹೆಗಲು ಕೊಟ್ಟರು. ಅರಬ್, ಅಫ್ಘನ್ ವರ್ತಕರು ತಮ್ಮ ಹಣವನ್ನು ಬ್ಯಾಂಕಿಗಿಂತ ಇವರ ಬಳಿ ಇಡುವುದೇ ಲೇಸೆಂದು ತಿಳಿದಿದ್ದರಂತೆ. ಕಾಗದ ಪತ್ರಕ್ಕಿಂತ ಮಾತಿಗೆ ಬೆಲೆಯಿದ್ದ ಕಾಲ ಅದು.

ರೈಲಿನ ಕಥೆ ಬಹಳ ಜನಕ್ಕೆ ಗೊತ್ತಿರುತ್ತದೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ನಿರ್ದೇಶಕರಲ್ಲಿ ಭಾರತೀಯರು ಇಬ್ಬರೇ, ಸರ್ ಜಮಶೇಟ್‌ಜಿ ಜೀಜೀಭಾಯಿ ಮತ್ತು ಇವರು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ಮೊದಲ ಗಾಡಿಗೆ ಮೂರು ಎಂಜಿನ್, 14 ಡಬ್ಬಿ, ಸುಮಾರು 400 ಜನ ಪ್ರಯಾಣಿಕರು. ಅವರಲ್ಲಿ ಶಂಕರಶೇಟರೂ ಇದ್ದರು. ಬೆಳಗಿನ ಲೇಡೀಸ್ ಡಬ್ಬಿಯಲ್ಲಿ ಒಂಟಿಕಾಲಲ್ಲಿ ನಿಂತು ಬರುವ ನಾವು ಅವರನ್ನು ಹೊಗಳಬೇಕೋ ಬೈಯಬೇಕೋ, ನೀವೇ ಹೇಳಿ!

ಆದರೆ ನನಗೆ ಅವರು ಹತ್ತಿರವಾದದ್ದು ಹೆಣ್ಣುಮಕ್ಕಳ ಶಾಲೆಯಿಂದ. ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜ್ಯೋತಿಬಾ ಫುಲೆ 1848ರಲ್ಲಿ ಶಾಲೆ ತೆರೆದರು. ಮರುವರ್ಷ ಮುಂಬಯಿಯಲ್ಲಿ ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯ ತರುಣರು, ದಾದಾಭಾಯಿ ನವರೋಜಿಯಂಥವರು, ಹುಡುಗಿಯರಿಗೆ ಕಲಿಸಲು ಮುಂದಾದರು. ಸಂಬಳವಿಲ್ಲದ ಕೆಲಸ, ತಮ್ಮ ಓದಿನ ನಡುವೆ ಬಿಡುವು ಮಾಡಿಕೊಂಡು ಪಾಠ. ಎಲ್ಲಕ್ಕಿಂತ ದೊಡ್ಡ ತೊಡಕು ಜಾಗ. ಹೆಣ್ಣುಮಕ್ಕಳು ಓದಿದರೆ ಮನೆಗೆ ಕೇಡು ಎಂದು ನಂಬಿದ್ದ ಊರಿನಲ್ಲಿ ಯಾರು ಬಾಗಿಲು ತೆರೆಯಬೇಕು? ಶಂಕರಶೇಟರು ಗಿರಗಾಂವದ ತಮ್ಮ ವಾಡೆಯಲ್ಲೇ ಮರಾಠಿ ಹುಡುಗಿಯರ ಶಾಲೆಗೆ ಜಾಗ ಕೊಟ್ಟರು, ಹಣವನ್ನೂ ಕೊಟ್ಟರು. ಮುಂದೆ ಆ ಶಾಲೆಗೆ ಅವರದೇ ಹೆಸರು ಬಂತು. ದಾನಿಗಳು ಚೆಕ್ ಬರೆದುಕೊಟ್ಟು ದೂರ ನಿಲ್ಲುವುದುಂಟು. ಇವರು ಜನರ ಮಾತು ತಮ್ಮ ಮನೆಯಂಗಳಕ್ಕೇ ಬರುವಂತೆ ಮಾಡಿಕೊಂಡರು. ನನ್ನ ಮಟ್ಟಿಗೆ ಅವರ ಜೀವನದ ದೊಡ್ಡ ಕೆಲಸ ಇದೇ, ರೈಲಲ್ಲ.

ಇನ್ನೊಂದು ಸಂಗತಿ ನಮ್ಮ ಕನ್ನಡಕ್ಕೂ ತಾಗುತ್ತದೆ. 1840ರ ದಶಕದಲ್ಲಿ ಮುಂಬಯಿ ಪ್ರಾಂತದ ಶಿಕ್ಷಣ ಮಂಡಳಿಯಲ್ಲಿ ದೊಡ್ಡ ವಾದ ನಡೆಯಿತು. ಅಧ್ಯಕ್ಷ ಅರ್ಸ್‌ಕಿನ್ ಪೆರಿ ಸಾಹೇಬರಿಗೆ ಪಾಠವೆಲ್ಲ ಇಂಗ್ಲಿಷಿನಲ್ಲಿ ಆಗಬೇಕೆಂಬ ಹಠ. ಮಂಡಳಿಯ ಸದಸ್ಯರಾಗಿದ್ದ ಶಂಕರಶೇಟರು ಎದುರು ನಿಂತರು. ಇಂಗ್ಲಿಷ್ ಬೇಡವೆಂದಲ್ಲ, ಆದರೆ ಸಾಮಾನ್ಯ ಜನರಿಗೆ ವಿದ್ಯೆ ಮುಟ್ಟಬೇಕಾದರೆ ಅವರ ಮಾತಿನಲ್ಲೇ ಮುಟ್ಟಬೇಕು ಎಂಬುದು ಅವರ ನಿಲುವು. ಕರ್ನಲ್ ಜರ್ವಿಸ್ ಮತ್ತು ಇತರ ಭಾರತೀಯ ಸದಸ್ಯರು ಅವರ ಜೊತೆಗಿದ್ದರು. ಹಾಗೆಂದು ಇದರಿಂದ ಕನ್ನಡಕ್ಕೆ ನೇರ ಲಾಭವಾಯಿತೆಂದು ಹೇಳಿದರೆ ತಪ್ಪಾದೀತು. ಅದೇ ಪ್ರಾಂತದ ಧಾರವಾಡ, ಬೆಳಗಾವಿ ಕಡೆ ಕನ್ನಡದ ಮಕ್ಕಳು ಮರಾಠಿ ಶಾಲೆಗೇ ಹೋಗಬೇಕಾಗಿತ್ತು. ಅದನ್ನು ಬದಲಿಸಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಪಟ್ಟ ಪಾಡೇ ಬೇರೆ. ಆದರೂ ತಾಯ್ನುಡಿಯ ಶಾಲೆ ಎಂಬ ಮಾತನ್ನು ಸರಕಾರದ ಮೇಜಿನ ಮೇಲೆ ಇಟ್ಟವರಲ್ಲಿ ಇವರೊಬ್ಬರು. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಏಳೋ ಎಂಟೋ ಮಕ್ಕಳು ಬಂದು ಕೂತಾಗ ನನಗೆ ಆ ವಾದ ನೆನಪಾಗುತ್ತದೆ. ನನ್ನ ಮೊಮ್ಮಗಳು ಬರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ನಾಟಕಪ್ರಿಯರಿಗೆ ಒಂದು ಸಿಹಿ ಸುದ್ದಿ. ಗ್ರಾಂಟ್ ರೋಡಿನ ಹಳೆಯ ನಾಟಕಶಾಲೆ ನಿಂತದ್ದು ಶಂಕರಶೇಟರ ಜಾಗದಲ್ಲಿ. 1853ರಲ್ಲಿ ಸಾಂಗ್ಲಿಯ ವಿಷ್ಣುದಾಸ ಭಾವೆ ತಮ್ಮ ಮರಾಠಿ ನಾಟಕಗಳನ್ನು ಅಲ್ಲಿ ಆಡಿಸಿದರು. ಭಾವೆಯವರಿಗೆ ನಾಟಕದ ಹುಚ್ಚು ಹಿಡಿಸಿದ್ದು ಯಾವುದು ಗೊತ್ತೇ? ಕರ್ನಾಟಕದಿಂದ ಸಾಂಗ್ಲಿಗೆ ಬಂದಿದ್ದ ಯಕ್ಷಗಾನ ಮೇಳ!

ರಾಜಕೀಯದಲ್ಲೂ ಅವರು ಹಿಂದೆ ಉಳಿಯಲಿಲ್ಲ. 1852ರಲ್ಲಿ ಹುಟ್ಟಿದ ಬಾಂಬೆ ಅಸೋಸಿಯೇಷನ್ನಿನ ಅಧ್ಯಕ್ಷರಾದರು. ಸತಿಪದ್ಧತಿ ನಿಲ್ಲಬೇಕೆಂದವರ ಪರ ನಿಂತರು. ಸೋನಾಪುರದ ಸ್ಮಶಾನವನ್ನು ಶಿವಡಿಗೆ ಸಾಗಿಸಲು ಸರಕಾರ ಹೊರಟಾಗ ಜನರ ಪರವಾಗಿ ಹೋರಾಡಿ ಅಲ್ಲಿಯೇ ಉಳಿಸಿದರು. 1857ರ ದಂಗೆಯಲ್ಲಿ ಅವರ ಕೈವಾಡವಿದೆಯೆಂದು ಇಂಗ್ಲಿಷರು ಸಂಶಯಪಟ್ಟರು, ಪುರಾವೆ ಸಿಗಲಿಲ್ಲ. ಅದೇ ಸರಕಾರ 1862ರಲ್ಲಿ ಅವರನ್ನು ಮುಂಬಯಿ ಶಾಸನಸಭೆಗೆ ನೇಮಿಸಿತು. ಆ ಸಭೆಯ ಮೊದಲ ಭಾರತೀಯ ಸದಸ್ಯರಲ್ಲಿ ಅವರೊಬ್ಬರು. ಮೂರೇ ವರ್ಷ, 1865ರ ಜುಲೈ 31ರಂದು ತೀರಿಕೊಂಡರು. ಅದೇ ತಿಂಗಳ ಮೊದಲ ದಿನ ಹತ್ತಿಯ ಹಣದಿಂದ ಉಬ್ಬಿದ್ದ ಮುಂಬಯಿಯ ಶೇರು ಪೇಟೆ ಕುಸಿದು ಬಿದ್ದಿತ್ತು.

ಅವರ ಬಗ್ಗೆ ಓದುವಾಗ ಒಂದು ಕಡೆ ತಟ್ಟನೆ ನಿಂತೆ. ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಸಂಸ್ಕೃತಕ್ಕೆ ಮೊದಲು ಬಂದವರಿಗೆ ಕೊಡುತ್ತಿದ್ದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ. ಮುಂದೆ ದೇಶದ ಹಣಕಾಸು ಮಂತ್ರಿಯಾದ ಸಿ.ಡಿ. ದೇಶಮುಖರು 1912ರಲ್ಲಿ ಪಡೆದದ್ದು ಇದನ್ನೇ. ಧಾರವಾಡದ ಹುಡುಗರೂ ಆಗ ಮುಂಬಯಿಯ ಮ್ಯಾಟ್ರಿಕ್ಕನ್ನೇ ಬರೆಯುತ್ತಿದ್ದರು. ನನ್ನ ತಾಯಿಯ ತಂದೆ, ನಮ್ಮ ಅಜ್ಜ, ಊಟಕ್ಕೆ ಕೂತಾಗ ತಮಗೆ ತಪ್ಪಿಹೋದ ಶಂಕರಶೇಟ್ ಸ್ಕಾಲರ್‌ಶಿಪ್ಪಿನ ಮಾತು ತೆಗೆಯುತ್ತಿದ್ದರು. ಅಜ್ಜಿ ಅದನ್ನು ನೂರು ಸಲ ಕೇಳಿದವಳು, ಸಾಕು ಮಾಡ್ರಿ, ಸಾರು ಆರತದ ಅನ್ನುತ್ತಿದ್ದಳು. ನಾನಾ ಚೌಕ ದಾಟುತ್ತಿದ್ದ ಅಷ್ಟು ವರ್ಷ ಆ ಹೆಸರು ನನ್ನ ಕಿವಿಯಲ್ಲಿ ಇದ್ದೇ ಇತ್ತು.