ಸದಾಚಾರದ ಗುರು ಬುಕರ್ ವಾಷಿಂಗ್ಟನ್

ಸಭ್ಯತೆಯೆಂಬುದು ಕುಲದಿಂದ ಬರುವುದೋ, ಸಿರಿಯಿಂದ ಬರುವುದೋ, ಕಲಿಕೆಯಿಂದ ಬರುವುದೋ ಎಂಬ ಪ್ರಶ್ನೆ ಬಹು ಹಳೆಯದು. ಮಕ್ಕಳನ್ನು ಓದಿಸುತ್ತಿರುವ ಗೃಹಸ್ಥರಿಗೆ ಅದು ಇಂದಿಗೂ ಬಿಡದ ಪ್ರಶ್ನೆ. ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಗಳಿಸಿದ ಮಗನು ತಾನು ಉಂಡ ತಟ್ಟೆಯನ್ನು ತಾನೇ ಎತ್ತದಿದ್ದರೆ, ಮನೆಗೆ ಬಂದ ಹಿರಿಯರನ್ನು ಕಂಡು ಎದ್ದು ನಿಲ್ಲದಿದ್ದರೆ, ಕೂಲಿಗೆ ಬಂದ ಮುದುಕನನ್ನು ಏಕವಚನದಲ್ಲಿ ಗದರಿದರೆ, ಆ ವಿದ್ಯೆಯಿಂದ ಆದ ಫಲವೇನು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತ ಮಹನೀಯರೊಬ್ಬರು ಅಮೆರಿಕ ದೇಶದಲ್ಲಿ ಆಗಿಹೋದರು. ಕುಲದ ಬಲವಾಗಲಿ ಧನದ ಬಲವಾಗಲಿ ಇಲ್ಲದೆ, ಗುಲಾಮರ ಗುಡಿಸಲಿನಲ್ಲಿ ಜನಿಸಿ, ಸಾವಿರಾರು ತರುಣರಿಗೆ ನಡೆನುಡಿಯ ಗುರುವಾದ ಬುಕರ್ ಟಿ. ವಾಷಿಂಗ್ಟನ್ ಅವರ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

ಇವರು 1856ರಲ್ಲಿ ವರ್ಜೀನಿಯಾ ಪ್ರಾಂತದ ಒಂದು ಹೊಲದೊಡೆಯನ ಮನೆಯಲ್ಲಿ ಗುಲಾಮಳಾಗಿದ್ದ ಅಡುಗೆಯ ಹೆಂಗಸಿನ ಮಗನಾಗಿ ಹುಟ್ಟಿದರು. ಮಣ್ಣಿನ ನೆಲದ ಮೇಲೆ ಹಾಸಿದ ಚಿಂದಿಯೇ ಅವರ ಹಾಸಿಗೆ. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವ ಪದ್ಧತಿಯನ್ನೇ ಅವರು ಬಾಲ್ಯದಲ್ಲಿ ಕಂಡವರಲ್ಲ; ದೊರೆತ ತುತ್ತನ್ನು ದೊರೆತ ಕಡೆ ತಿನ್ನುವುದಷ್ಟೇ. ಒಡೆಯನ ಮಗಳ ಪುಸ್ತಕಗಳನ್ನು ಹೊತ್ತು ಪಾಠಶಾಲೆಯ ಬಾಗಿಲವರೆಗೆ ಹೋಗುತ್ತಿದ್ದರೂ ಒಳಗೆ ಕಾಲಿಡುವ ಅಧಿಕಾರ ಅವರಿಗಿರಲಿಲ್ಲ. 1865ರಲ್ಲಿ ಅಂತರ್ಯುದ್ಧವು ಮುಗಿದು ಗುಲಾಮಗಿರಿ ತೊಲಗಿತು. ಕುಟುಂಬವು ಪಶ್ಚಿಮ ವರ್ಜೀನಿಯಾದ ಮಾಲ್ಡನ್ ಎಂಬ ಊರಿಗೆ ಬಂದಿತು. ಅಲ್ಲಿ ಬಾಲಕನು ಉಪ್ಪಿನ ಭಟ್ಟಿಯಲ್ಲಿಯೂ ಕಲ್ಲಿದ್ದಲ ಗಣಿಯಲ್ಲಿಯೂ ದುಡಿದನು.

ಅದೇ ಊರಿನ ರಫ್ನರ್ ಎಂಬ ಸೇನಾನಿಯ ಪತ್ನಿ ವಯೋಲಾ ರಫ್ನರ್ ಅವರಲ್ಲಿ ಆಳಾಗಿ ಸೇರಿದುದು ಈ ಬಾಲಕನ ಬಾಳಿಗೆ ತಿರುವಾಯಿತು. ಆಕೆ ಬಲು ಕಟ್ಟುನಿಟ್ಟಿನವರೆಂದು ಹೆಸರಾಗಿ, ಹುಡುಗರು ಅಲ್ಲಿ ನಿಲ್ಲದೆ ಓಡಿಹೋಗುತ್ತಿದ್ದರು. ಬುಕರ್ ನಿಂತರು. ಮನೆಯಂಗಳ ಚೊಕ್ಕಟವಾಗಿರಬೇಕು, ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಬೇಕು, ಮಾತಿನಲ್ಲಿ ಮರೆಮಾಚು ಇರಕೂಡದು ಎಂಬ ಮೂರು ನಿಯಮಗಳನ್ನು ಆ ಮನೆಯಲ್ಲಿ ಕಲಿತರು. ದಾರಿಯಲ್ಲಿ ಬಿದ್ದ ಕಾಗದದ ಚೂರು ಕಂಡರೂ ಎತ್ತಿಹಾಕಬೇಕೆನ್ನುವ ಅಭ್ಯಾಸ ಅವರಿಗೆ ಜೀವಮಾನಪರ್ಯಂತ ಉಳಿಯಿತು.

ಹ್ಯಾಂಪ್ಟನ್ ಎಂಬಲ್ಲಿ ಕರಿಯ ಜನಾಂಗದ ತರುಣರಿಗಾಗಿ ಒಂದು ವಿದ್ಯಾಶಾಲೆಯಿದೆಯೆಂದು ಕೇಳಿ, 1872ರಲ್ಲಿ, 16ನೆಯ ವಯಸ್ಸಿನಲ್ಲಿ, ಸುಮಾರು 500 ಮೈಲಿಗಳ ದಾರಿಯನ್ನು ಬಹುಪಾಲು ನಡೆದೂ ಬೇಡಿಕೊಂಡು ಬಂಡಿಯೇರಿಯೂ ಸಾಗಿದರು. ರಿಚ್ಮಂಡ್ ನಗರದಲ್ಲಿ ಕೈಯಲ್ಲಿ ಕಾಸಿಲ್ಲದೆ ಬೀದಿಬದಿಯ ಹಲಗೆಯ ಕೆಳಗೆ ಮಲಗಿದರು. ಹಗಲು ಹಡಗಿನಿಂದ ಕಬ್ಬಿಣ ಇಳಿಸಿ ದಾರಿಯ ವೆಚ್ಚ ಗಳಿಸಿದರು. ಕೊಳೆಯಾದ ಉಡುಪಿನ ಈ ಹುಡುಗನನ್ನು ಕಂಡು ಶಾಲೆಯ ಹಿರಿಯ ಅಧ್ಯಾಪಿಕೆ ಮೇರಿ ಮ್ಯಾಕಿಯವರು ಬಹಳ ಹೊತ್ತು ಅನುಮಾನಿಸಿ, ಕೊನೆಗೆ ಒಂದು ಕೊಠಡಿಯನ್ನು ಗುಡಿಸಲು ಹೇಳಿದರು. ಅವರು ಮೂರು ಸಲ ಗುಡಿಸಿದರು, ನಾಲ್ಕು ಸಲ ಧೂಳೊರೆಸಿದರು. ಅಧ್ಯಾಪಿಕೆಯು ಕರವಸ್ತ್ರದಿಂದ ಗೋಡೆಯ ಮರವನ್ನೂ ಮೇಜನ್ನೂ ಉಜ್ಜಿ ನೋಡಿದಾಗ ಒಂದು ಕಣ ಧೂಳೂ ಹತ್ತಲಿಲ್ಲ. ಅದೇ ಅವರ ಪ್ರವೇಶ ಪರೀಕ್ಷೆ. ಪೊರಕೆಯ ಮೂಲಕ ವಿದ್ಯಾಮಂದಿರವನ್ನು ಪ್ರವೇಶಿಸಿದ ಈ ವಿದ್ಯಾರ್ಥಿಗೆ ಕಾಯಕದ ಹಿರಿಮೆಯನ್ನು ಬೇರೆಯಾಗಿ ಬೋಧಿಸಬೇಕಾದುದಿರಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣುವುದು, ಮೇಜಿನ ಮೇಲೆ ಬಟ್ಟೆ ಹಾಸುವುದು, ನಿತ್ಯ ಸ್ನಾನ, ಹಲ್ಲುಜ್ಜುವ ಬ್ರಷ್ಷಿನ ಬಳಕೆ, ಇವೆಲ್ಲ ಅಲ್ಲಿ ಅವರಿಗೆ ಹೊಸತು. ಮಂಚದ ಮೇಲಿನ ಎರಡು ದುಪ್ಪಟಿಗಳನ್ನು ಏನು ಮಾಡಬೇಕೆಂದು ತಿಳಿಯದೆ ಮೊದಲ ರಾತ್ರಿ ಎರಡರ ಕೆಳಗೂ, ಎರಡನೆಯ ರಾತ್ರಿ ಎರಡರ ಮೇಲೂ ಮಲಗಿದರಂತೆ. ಮಿಕ್ಕ ಹುಡುಗರನ್ನು ನೋಡಿ ಎರಡರ ನಡುವೆ ಮಲಗುವುದನ್ನು ಕಲಿತರು. 1875ರಲ್ಲಿ ಓದು ಮುಗಿಸಿ ಒಂದು ಹೋಟೆಲಿನಲ್ಲಿ ಬಡಿಸುವ ಕೆಲಸಕ್ಕೆ ಸೇರಿದಾಗ, ರೀತಿ ಅರಿಯದೆ ಅತಿಥಿಗಳಿಂದ ಬೈಸಿಕೊಂಡು ಓಡಿಹೋದರು. ಕೆಳಗಿನ ಕೆಲಸಕ್ಕೆ ಇಳಿಸಲ್ಪಟ್ಟರೂ ಬೇಸರಿಸದೆ ಕೆಲವೇ ವಾರಗಳಲ್ಲಿ ಬಡಿಸುವ ಕ್ರಮವನ್ನು ಕಲಿತು ಹಿಂದಿನ ಸ್ಥಾನವನ್ನು ಪಡೆದರು. ಮುಂದೆ ಅದೇ ಹೋಟೆಲಿನಲ್ಲಿ ಅತಿಥಿಯಾಗಿ ಇಳಿದುಕೊಂಡರು.

1881ರ ಜುಲೈ 4ರಂದು ಅಲಬಾಮಾ ಪ್ರಾಂತದ ಟಸ್ಕೀಗಿಯಲ್ಲಿ, ಸೋರುವ ಒಂದು ಗುಡಿಸಲಿನಲ್ಲಿ, 30 ವಿದ್ಯಾರ್ಥಿಗಳೊಡನೆ ಅವರ ಶಾಲೆ ಆರಂಭವಾಯಿತು. ಮಳೆ ಬಂದಾಗ ವಿದ್ಯಾರ್ಥಿಯೊಬ್ಬನು ಗುರುವಿನ ತಲೆಯ ಮೇಲೆ ಕೊಡೆ ಹಿಡಿಯುತ್ತಿದ್ದನು. ಬಂದವರಲ್ಲಿ ಹಲವರು ದೊಡ್ಡ ದೊಡ್ಡ ಪುಸ್ತಕಗಳ ಹೆಸರು ಹೇಳುತ್ತಿದ್ದರು. ಬ್ಯಾಂಕಿನ ಲೆಕ್ಕವನ್ನು ಕಲಿತಿದ್ದರು. ಬ್ಯಾಂಕಿನಲ್ಲಿ ಹಣವಿಟ್ಟವರು ಅವರ ನೆರೆಹೊರೆಯಲ್ಲಿಯೇ ವಿರಳ. ಆ ಸೀಮೆಯಲ್ಲಿ ಸಂಚರಿಸುವಾಗ ಒಬ್ಬ ತರುಣನು ಜಿಡ್ಡು ಹತ್ತಿದ ಬಟ್ಟೆಯಲ್ಲಿ, ಕಸ ತುಂಬಿದ ಗುಡಿಸಲಿನಲ್ಲಿ, ಅಂಗಳದಲ್ಲಿ ಕಳೆ ಬೆಳೆದಿರಲು, ಫ್ರೆಂಚ್ ವ್ಯಾಕರಣವನ್ನು ಓದುತ್ತ ಕುಳಿತಿದ್ದುದನ್ನು ಅವರು ಕಂಡರು. ವಿದ್ಯೆ ಬಾಳಿಗೆ ತಾಗದಿದ್ದರೆ ಹೇಗಾಗುವುದೆಂಬುದಕ್ಕೆ ಅದಕ್ಕಿಂತ ಬೇರೆ ನಿದರ್ಶನ ಅವರಿಗೆ ಬೇಕಾಗಲಿಲ್ಲ.

ಆದುದರಿಂದ ಅವರ ಶಾಲೆಯಲ್ಲಿ ಶಿಷ್ಟಾಚಾರವೂ ಶ್ರಮವೂ ಒಂದೇ ಪಾಠವಾದವು. ಹಲ್ಲುಜ್ಜುವ ಬ್ರಷ್ ಇಲ್ಲದವರಿಗೆ ಶಾಲೆಯಲ್ಲಿ ಇರಲು ಅನುಮತಿಯಿರಲಿಲ್ಲ. ಒಂದು ಕೋಣೆಯ ಮೂವರು ಹುಡುಗಿಯರು ಮೂವರೂ ಸೇರಿ ಕೊಂಡ ಒಂದೇ ಬ್ರಷ್ಷನ್ನು ಹೆಮ್ಮೆಯಿಂದ ತೋರಿಸಿದರಂತೆ. ಅವರಿಗೂ ತಾಳ್ಮೆಯಿಂದ ತಿಳಿಯಹೇಳಲಾಯಿತು. ಕಾಡು ಕಡಿದು ಹೊಲ ಮಾಡಬೇಕಾದಾಗ, ತಾವು ಓದಲು ಬಂದವರೆಂದು ತರುಣರು ಹಿಂಜರಿದರು. ಗುರುಗಳು ಉಪದೇಶಕ್ಕೆ ತೊಡಗದೆ, ಕೊಡಲಿ ಹಿಡಿದು ಮುಂದೆ ನಡೆದರು. ಶಿಷ್ಯರು ನಾಚಿ ಹಿಂಬಾಲಿಸಿದರು. ಇಟ್ಟಿಗೆ ಸುಡುವ ಕೆಲಸದಲ್ಲಿ ಮೂರು ಸಲ ಗೂಡು ಕೆಟ್ಟಿತು. ಗಡಿಯಾರವನ್ನು 15 ಡಾಲರಿಗೆ ಒತ್ತೆಯಿಟ್ಟು ನಾಲ್ಕನೆಯ ಗೂಡನ್ನು ಸುಡಿಸಿದರು. ಇಟ್ಟಿಗೆ ಬೆಂದಿತು, ಗಡಿಯಾರ ಮರಳಲಿಲ್ಲ. ಭಾನುವಾರದ ಸಂಜೆಗಳಲ್ಲಿ ವಿದ್ಯಾರ್ಥಿಗಳನ್ನು ಕೂಡಿಸಿ ಮಾತು, ಉಡುಪು, ಸಾಲ, ಸಮಯಪಾಲನೆ ಮೊದಲಾದ ದಿನಬಳಕೆಯ ವಿಷಯಗಳನ್ನು ಕುರಿತು ಸರಳವಾಗಿ ಹೇಳುತ್ತಿದ್ದರು.

ಇಷ್ಟಾದರೂ ಸಭ್ಯನಿಗೆ ಸಭ್ಯತೆಯೇ ಮರಳಿ ದೊರೆಯುವುದೆಂಬ ನಿಯಮ ಲೋಕದಲ್ಲಿಲ್ಲ. ಹ್ಯಾಂಪ್ಟನ್ನಿನಲ್ಲಿ ಅಧ್ಯಾಪಕರಾಗಿದ್ದಾಗ, ಮೂಲನಿವಾಸಿ ಕುಲದ ರೋಗಿ ವಿದ್ಯಾರ್ಥಿಯೊಬ್ಬನನ್ನು ಹಡಗಿನಲ್ಲಿ ಕರೆದೊಯ್ಯುತ್ತಿದ್ದರು. ಮಿಕ್ಕವರಲ್ಲಿ ಹೆಚ್ಚಿನವರು ಉಂಡು ಏಳುವವರೆಗೆ ಸೌಜನ್ಯದಿಂದ ಕಾದು ಊಟಕ್ಕೆ ಹೋದರೆ, ವಿದ್ಯಾರ್ಥಿಗೆ ಬಡಿಸಬಹುದು, ಗುರುವಿಗೆ ಬಡಿಸಲಾಗದು ಎಂಬ ಉತ್ತರ ಬಂದಿತು. ಗುರುವಿನ ಮೈಬಣ್ಣವೇ ಕಾರಣ. 1901ರ ಅಕ್ಟೋಬರ್ 16ರಂದು ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರು ಅವರನ್ನು ಶ್ವೇತಭವನಕ್ಕೆ ಊಟಕ್ಕೆ ಕರೆದಾಗ ದಕ್ಷಿಣದ ಪತ್ರಿಕೆಗಳು ಕೆರಳಿ ಬರೆದವು. ಊಟದ ಮರ್ಯಾದೆಯನ್ನು ಗುಲಾಮರ ಮಗನು ಕಲಿತಿದ್ದನು. ಪಂಕ್ತಿಯ ಮರ್ಯಾದೆಯನ್ನು ಆ ಬಿಳಿಯರು ಕಲಿತಿರಲಿಲ್ಲ.

ದುಡಿಮೆ ಮತ್ತು ಸನ್ನಡತೆಗಳಿಂದ ಗೌರವವು ತಾನಾಗಿ ಬರುವುದೆಂದೂ, ಸಮಾನತೆಗಾಗಿ ಆಗಲೇ ಹೋರಾಡಬೇಕಿಲ್ಲವೆಂದೂ ವಾಷಿಂಗ್ಟನ್ನರು 1895ರಲ್ಲಿ ಅಟ್ಲಾಂಟಾದ ಸಭೆಯಲ್ಲಿ ಹೇಳಿದ್ದರು. ಅದೇ ಕಾಲದಲ್ಲಿ ದಕ್ಷಿಣದ ಪ್ರಾಂತಗಳು ಕರಿಯರ ಮತದಾನದ ಹಕ್ಕನ್ನು ಕಸಿಯುತ್ತಿದ್ದವು. ವಿದ್ವಾಂಸರಾದ ಡು ಬೋಯ್ಸ್ ಅವರು 1903ರಲ್ಲಿ ಈ ನೀತಿಯನ್ನು ಬಲವಾಗಿ ಖಂಡಿಸಿದರು. ಹಕ್ಕಿಲ್ಲದವನ ವಿನಯವನ್ನು ಲೋಕವು ದೌರ್ಬಲ್ಯವೆಂದೇ ಎಣಿಸುವುದೆಂಬುದು ಅವರ ವಾದದ ತಿರುಳು. ಆ ಮಾತಿನಲ್ಲಿ ಸತ್ಯವಿತ್ತು. ವಾಷಿಂಗ್ಟನ್ನರಿಗೂ ಅದು ತಿಳಿಯದಿರಲಿಲ್ಲ. ಮತಹಕ್ಕನ್ನು ಕಸಿದ ಅಲಬಾಮಾದ ಕಾನೂನನ್ನು ಎದುರಿಸಿ ನಡೆದ ಮೊಕದ್ದಮೆಗಳಿಗೆ ಅವರು ಗುಟ್ಟಾಗಿ ಹಣ ಒದಗಿಸುತ್ತಿದ್ದರೆಂಬ ಸಂಗತಿ ಅವರ ಕಾಲಾನಂತರ ಬೆಳಕಿಗೆ ಬಂದಿತು.

1915ರಲ್ಲಿ ನ್ಯೂಯಾರ್ಕಿನಲ್ಲಿ ರೋಗ ಉಲ್ಬಣಿಸಿದಾಗ, ಹುಟ್ಟಿ ಬೆಳೆದ ದಕ್ಷಿಣದಲ್ಲಿಯೇ ಕಣ್ಣುಮುಚ್ಚಬೇಕೆಂದು ಹಟಹಿಡಿದು ಟಸ್ಕೀಗಿಗೆ ಮರಳಿದರು. ನವೆಂಬರ್ 14ರಂದು, 59ನೆಯ ವಯಸ್ಸಿನಲ್ಲಿ ದೇಹಬಿಟ್ಟರು. ಆ ವೇಳೆಗೆ ವಿದ್ಯಾರ್ಥಿಗಳು ಸುಮಾರು 1500. ಕಟ್ಟಡಗಳು 100ಕ್ಕೂ ಮಿಕ್ಕು, ಅವುಗಳಲ್ಲಿ ಬಹುಪಾಲು ವಿದ್ಯಾರ್ಥಿಗಳೇ ಕಟ್ಟಿದವು.

ಈ ಚರಿತ್ರೆಯಿಂದ ಗೃಹಸ್ಥರು ಗ್ರಹಿಸಬೇಕಾದುದು ಎರಡು. ಸಭ್ಯತೆ ಕುಲದ ಸ್ವತ್ತಲ್ಲ. ಕಸ ಗುಡಿಸುವಲ್ಲಿ, ಕೊಡಲಿ ಹಿಡಿಯುವಲ್ಲಿ, ಹಿರಿಯರು ಮೊದಲು ಮಾಡಿ ತೋರಿಸಿದರೆ ಕಿರಿಯರು ಕಲಿಯುತ್ತಾರೆ. ತಂದೆ ತಟ್ಟೆ ಎತ್ತಿದ ಮನೆಯಲ್ಲಿ ಮಗನಿಗೆ ಹೇಳಿಕೊಡಬೇಕಾದುದು ಕಡಮೆ. ಎರಡನೆಯದು, ಬಡವನಿಂದ ವಿನಯವನ್ನು ಬಯಸುವ ನಾವು ಅವನಿಗೆ ಪಂಕ್ತಿಯಲ್ಲಿ ಸಮನಾದ ಮಣೆ ಹಾಕಿದ್ದೇವೆಯೇ ಎಂದು ಕೇಳಿಕೊಳ್ಳಬೇಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಾರಿದ ಶರಣರ ನಾಡಿನಲ್ಲಿ, ಮಗನಿಗೆ ಕಲಿಸುವ ಶಿಷ್ಟಾಚಾರವು ಮನೆಯ ಆಳನ್ನು ಗೌರವದಿಂದ ಕರೆಯುವುದರಿಂದಲೇ ಮೊದಲಾಗಲಿ.