ನಿಯಮ ಮೀರಿ ನಿಂತ ಆಟಗಾರ

ರಾಜರಾಜೇಶ್ವರಿನಗರದ ನಮ್ಮ ಬಡಾವಣೆಯ ಮೈದಾನದಲ್ಲಿ ಸಂಜೆ ಫುಟ್‌ಬಾಲ್ ಆಡುವ ಹುಡುಗರು ಇಂಗ್ಲೆಂಡಿನ ಕ್ಲಬ್‌ಗಳ ಅಂಗಿ ತೊಟ್ಟು ಬರುತ್ತಾರೆ. ಟಾಟನ್‌ಹ್ಯಾಮ್ ತಂಡದ ಬಿಳಿ ಅಂಗಿ ಕಂಡಾಗಲೆಲ್ಲ ನನಗೆ ನೆನಪಾಗುವುದು, 1909ರಲ್ಲಿ ಆ ತಂಡ ಸೇರಿದ್ದ ವಾಲ್ಟರ್ ಟಲ್.

ಟಲ್ ಹುಟ್ಟಿದ್ದು 1888ರಲ್ಲಿ, ಇಂಗ್ಲೆಂಡಿನ ಕಡಲತೀರದ ಫೋಕ್‌ಸ್ಟನ್ ಪಟ್ಟಣದಲ್ಲಿ. ತಂದೆ ಬಾರ್ಬಡೋಸ್‌ನಿಂದ ವಲಸೆ ಬಂದ ಬಡಗಿ, ಗುಲಾಮನೊಬ್ಬನ ಮಗ. ತಾಯಿ ಕೆಂಟ್ ಪ್ರಾಂತ್ಯದವರು. ಹತ್ತು ವರ್ಷ ತುಂಬುವ ಮೊದಲೇ ಇಬ್ಬರನ್ನೂ ಕಳೆದುಕೊಂಡ ಬಾಲಕ ಲಂಡನ್ನಿನ ಅನಾಥಾಲಯ ಸೇರಿದ. ಜೊತೆಗಿದ್ದ ಅಣ್ಣನನ್ನು ಗ್ಲಾಸ್ಗೋ ನಗರದ ಕುಟುಂಬವೊಂದು ದತ್ತು ಪಡೆಯಿತು. ತಮ್ಮ ಅಲ್ಲಿಯೇ ಉಳಿದು ಮುದ್ರಣದ ಕೆಲಸ ಕಲಿತ.

ಟಾಟನ್‌ಹ್ಯಾಮ್ ಅವರಿಗೆ ನೀಡಿದ್ದು ಅಂದಿನ ಗರಿಷ್ಠ ವೇತನ, ವಾರಕ್ಕೆ 4 ಪೌಂಡ್. ಆದರೆ ಅದೇ ವರ್ಷ ಬ್ರಿಸ್ಟಲ್‌ನಲ್ಲಿ ಪ್ರೇಕ್ಷಕರ ಒಂದು ಗುಂಪು ಅವರ ಮೈಬಣ್ಣವನ್ನು ಹೀನಾಯವಾಗಿ ನಿಂದಿಸಿತು. ಆ ಬಳಿಕ ಅವರು ಹೆಚ್ಚಾಗಿ ಮೀಸಲು ತಂಡದಲ್ಲಿಯೇ ಉಳಿದರು. ಒಟ್ಟು 10 ಲೀಗ್ ಪಂದ್ಯಗಳಷ್ಟೇ ಅವರಿಗೆ ದಕ್ಕಿದವು. ಪೂರ್ಣ ವೇತನ ತೆತ್ತು ಸಮರ್ಥನನ್ನು ಹೊರಗೆ ಕೂರಿಸುವುದು ಅರ್ಥಶಾಸ್ತ್ರ ಓದಿದ ನನಗೆ ಇಂದಿಗೂ ಒಗಟು. ಪೂರ್ವಗ್ರಹಕ್ಕೆ ಲಾಭ ನಷ್ಟದ ಲೆಕ್ಕವೂ ಕಾಣದೇನೋ. 1911ರಲ್ಲಿ ಹರ್ಬರ್ಟ್ ಚಾಪ್‌ಮನ್ ಅವರನ್ನು ನಾರ್ಥಾಂಪ್ಟನ್‌ಗೆ ಕರೆದೊಯ್ದರು. ಅಲ್ಲಿ ಅವರು ನೂರಕ್ಕೂ ಹೆಚ್ಚು ಪಂದ್ಯಗಳನ್ನಾಡಿದರು.

1914ರ ಡಿಸೆಂಬರಿನಲ್ಲಿ ಟಲ್, ಫುಟ್‌ಬಾಲ್ ಆಟಗಾರರಿಗೆಂದೇ ರಚನೆಯಾಗಿದ್ದ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೇ ಬೆಟಾಲಿಯನ್ ಸೇರಿದರು. 1916ರಲ್ಲಿ ಸೋಮ್ ಕದನ ಕಂಡರು. ಶುದ್ಧ ಯುರೋಪಿಯನ್ ಮೂಲದವರಲ್ಲದವರು ಅಧಿಕಾರಿಗಳಾಗುವಂತಿಲ್ಲ ಎಂಬುದು ಸೇನೆಯ ನಿಯಮವಾಗಿತ್ತು. ಆದರೂ 1917ರ ಮೇ ತಿಂಗಳಲ್ಲಿ ಟಲ್ ಸೆಕೆಂಡ್ ಲೆಫ್ಟಿನೆಂಟ್ ಆದರು. ಬಿಳಿಯ ಸೈನಿಕರನ್ನು ಮುನ್ನಡೆಸಿದ ಮೊದಲ ಕಪ್ಪು ಅಧಿಕಾರಿಗಳಲ್ಲಿ ಒಬ್ಬರಾದರು. ಇಟಲಿಯ ಪಿಯಾವೆ ನದಿಯಾಚೆ ದಾಳಿ ನಡೆಸಿ ತಮ್ಮವರನ್ನು ಸುರಕ್ಷಿತವಾಗಿ ಮರಳಿ ಕರೆತಂದದ್ದಕ್ಕೆ ಮೇಲಧಿಕಾರಿಯ ಪ್ರಶಂಸೆ ಗಳಿಸಿದರು.

1918ರ ಮಾರ್ಚ್ 25ರಂದು, ಫ್ರಾನ್ಸ್‌ನಲ್ಲಿ, ಜರ್ಮನರ ಭಾರಿ ಆಕ್ರಮಣದ ನಡುವೆ ಗುಂಡೇಟಿಗೆ ಬಲಿಯಾದರು. ವಯಸ್ಸು 29. ಸೈನಿಕರು ಅವರ ದೇಹವನ್ನು ಹೊತ್ತು ತರಲು ಯತ್ನಿಸಿ ವಿಫಲರಾದರು. ಸಮಾಧಿಯಿಲ್ಲದ ಅವರ ಹೆಸರು ಅರಾಸ್‌ನ ಸ್ಮಾರಕದ ಮೇಲಿದೆ.

ಈ ಕಥೆ ನಮಗೆ ದೂರದ್ದೇನಲ್ಲ. ಕೊಡಗಿನ ಕೆ.ಎಂ. ಕಾರ್ಯಪ್ಪನವರು ಇಂದೋರಿನಲ್ಲಿ ತರಬೇತಿ ಮುಗಿಸಿ ರಾಜನ ಕಮಿಷನ್ ಪಡೆದದ್ದು 1919ರಲ್ಲಿ. ಅಲ್ಲಿಯವರೆಗೆ ಬ್ರಿಟಿಷರ ಪರ ಸಾವಿರಾರು ಸಂಖ್ಯೆಯಲ್ಲಿ ಮಡಿದಿದ್ದ ಭಾರತೀಯರಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತು.

ನೌಕರಿಯುದ್ದಕ್ಕೂ ನಿಯಮಗಳ ಕಡತ ಹಿಡಿದು ಕುಳಿತವನು ನಾನು. ಟಲ್ ಅವರಿಗಾಗಿ ಸೇನೆ ತನ್ನ ನಿಯಮವನ್ನು ತಿದ್ದಲಿಲ್ಲ, ಕೇವಲ ಬದಿಗಿರಿಸಿತು. ಬೇಕಾದಾಗ ಬದಿಗಿರಿಸಬಹುದಾಗಿದ್ದ ನಿಯಮವನ್ನು ಅದುವರೆಗೆ ಕಾಪಾಡಿಕೊಂಡು ಬಂದದ್ದೇಕೆ ಎಂಬ ಪ್ರಶ್ನೆ, ಕಡತಗಳಿಗೆ ಸಹಿ ಹಾಕುವ ಎಲ್ಲರನ್ನೂ ಕಾಡಬೇಕಾದದ್ದು.